ಅತ್ತೆ ಒಳ್ಳೆಯವರಾದದ್ದು

ಟೈಲರಮ್ಮ ಬೈಯುವುದನ್ನು ನಿಲ್ಲಿಸಿದ್ದಾರೆ ಎಂಬ ಸುದ್ದಿ ಹಬ್ಬಿದಾಗ ಆ ಆರೈಕೆ ಮನೆಯಲ್ಲಿ ಬೇಸರಪಟ್ಟವರು ಒಬ್ಬರೂ ಇರಲಿಲ್ಲ. ಯಾಕೆ ಪಡಬೇಕು, ಹೇಳಿ? ಆಯಮ್ಮನ ನಾಲಿಗೆಯ ರುಚಿ ನೋಡದವರು ಅಲ್ಲಿ ಯಾರಿದ್ದರು? ಮನೆಯಲ್ಲಿ ನೋಡಿಕೊಳ್ಳಲು ಆಗದ ವಯಸ್ಸಾದವರನ್ನು ಇಟ್ಟುಕೊಂಡು ಆರೈಕೆ ಮಾಡುವ ಎರಡಂತಸ್ತಿನ ಕಟ್ಟಡ ಅದು. ಅಲ್ಲಿ ಕೈಲಾಗದೆ ಮಲಗಿದವರಿದ್ದರು, ಹೆಸರು ಮರೆತವರಿದ್ದರು, ದಿನವಿಡೀ ಬಾಗಿಲು ನೋಡುತ್ತ ಕೂರುವವರಿದ್ದರು. ಇವರೆಲ್ಲರ ನಡುವೆ ಟೈಲರಮ್ಮ ಒಬ್ಬರೇ, ಬೆಳಿಗ್ಗೆ ಎದ್ದ ಕೂಡಲೇ ಯಾರ ಬೆಂಡೆತ್ತಲಿ ಎಂದು ನೋಡುವವರು.

ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದ ಹೆಂಗಸು. ಕಣ್ಣಿಗೆ ಸೊಟ್ಟಗಿರುವುದು ಬಿದ್ದರೆ ಸಾಕು, ಬಾಯಿ ತಡೆಯುತ್ತಿರಲಿಲ್ಲ. ಪರದೆಯ ಅಂಚು ಒಂದು ಬೆರಳು ಮೇಲಿದೆ. ಹಾಸಿಗೆಯ ಹೊದಿಕೆಯನ್ನು ಹೀಗಾ ಮಡಚೋದು? ಸೂಪಿನಲ್ಲಿ ಉಪ್ಪಿಲ್ಲ, ಅಡುಗೆಯವನಿಗೆ ನಾಲಿಗೆಯೇ ಇಲ್ಲ. ವಾರಕ್ಕೊಮ್ಮೆ ಬರುವ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಉಸಿರು ಎಳೆದುಕೊಳ್ಳಿ ಎಂದರೆ, ಎಳೆದುಕೊಂಡ ಉಸಿರಿನಲ್ಲೇ, ನಿಮ್ಮ ಅಂಗಿಯ ಕಾಲರ್ ಒಂದು ಕಡೆ ಎತ್ತಿಕೊಂಡಿದೆ, ಹೊಲಿದವನಿಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳಿ ಎಂದುಬಿಟ್ಟಿದ್ದರು. ಡಾಕ್ಟರು ಆಮೇಲೆ ಇವರ ಕೋಣೆಗೆ ಬರುವ ಮೊದಲು ಕಾಲರ್ ಸರಿಮಾಡಿಕೊಳ್ಳುತ್ತಿದ್ದದ್ದನ್ನು ಆಯಾಗಳೆಲ್ಲ ನೋಡಿ ನಕ್ಕಿದ್ದರು.

ಇಂಥವರು ಬೈಯುವುದನ್ನು ನಿಲ್ಲಿಸಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಮೇಲಿನ ಅಂತಸ್ತಿನ ಹಿರಿಯ ನರ್ಸ್. ಎಲ್ಲರೂ ಅವಳನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಅವಳ ಖುಷಿಗೆ ಕಾರಣವೂ ಇತ್ತು. ಅವಳು ಟೈಲರಮ್ಮನ ಸ್ವಂತ ಸೊಸೆ.

ಸೊಸೆಯಾಗಿ ಬಂದ ದಿನದಿಂದ ಅವಳು ಒಂದು ಒಳ್ಳೆಯ ಮಾತಿಗೆ ಕಾದಿದ್ದಳು. ಸುಳ್ಳು ಹೇಳಬಾರದು, ಅತ್ತೆ ಅವಳನ್ನು ಉಪವಾಸ ಕೆಡವಿದವರಲ್ಲ, ಕೈಯೆತ್ತಿದವರಲ್ಲ. ಅರ್ಧಕ್ಕೆ ನಿಂತಿದ್ದ ನರ್ಸಿಂಗ್ ಓದನ್ನು ಮುಗಿಸು, ಮನೆ ನಾನು ನೋಡ್ಕೋತೀನಿ ಎಂದು ಕಳಿಸಿದವರೂ ಅವರೇ. ಅವಳ ಮೊದಲ ಯೂನಿಫಾರ್ಮನ್ನು ತಾವೇ ಹೊಲಿದು, ಭುಜ ಸರಿಕೂರಲಿಲ್ಲವೆಂದು ಬಿಚ್ಚಿ, ಮತ್ತೆ ಹೊಲಿದು ಕೊಟ್ಟಿದ್ದರು. ಕೊಟ್ಟಮೇಲೆ ಅಂದದ್ದು ಮಾತ್ರ, ಬಟ್ಟೆ ಚೆನ್ನಾಗಿದೆ, ಹಾಕ್ಕೊಂಡೋಳು ಗೂನು ಬೆನ್ನು ಮಾಡಿದ್ರೆ ನಾನೇನು ಮಾಡ್ಲಿ ಎಂದು. ಕೊಡುವುದನ್ನೆಲ್ಲ ಕೊಟ್ಟು, ಕೊನೆಯಲ್ಲಿ ಒಂದು ಚಿಟಿಕೆ ಖಾರ ಉದುರಿಸದಿದ್ದರೆ ಆಯಮ್ಮನಿಗೆ ಸಮಾಧಾನವಿರಲಿಲ್ಲ. ಗಂಡನಿಗೆ ಹೇಳಿಕೊಳ್ಳೋಣವೆಂದರೆ ಅವನು ದೂರದೂರುಗಳಿಗೆ ಲಾರಿ ಓಡಿಸುವವನು, ಮನೆಗೆ ನೆಂಟರ ಹಾಗೆ ಬರುವವನು. ಅಮ್ಮ ಹಾಗೇ ಕಣೆ, ಮನಸ್ಸಿಗೆ ಹಚ್ಕೋಬೇಡ ಎಂದು ಹೇಳಿ ಹೊದ್ದು ಮಲಗಿಬಿಡುತ್ತಿದ್ದ. ಹಚ್ಚಿಕೊಳ್ಳದೇ ಇರಲು ಅವಳೇನು ಗೋಡೆಯೇ?

ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ, ಹಗಲೆಲ್ಲ ಒಬ್ಬರನ್ನೇ ಬಿಡಲಾಗದೆ, ಅವಳು ತಾನು ಕೆಲಸ ಮಾಡುವ ಕಡೆಗೇ ಕರೆತಂದು ಸೇರಿಸಿದಳು. ಜೊತೆಯವರು ಕಿಚಾಯಿಸಿದರು. ಮನೇಲಿ ಬೈಸ್ಕೊಂಡಿದ್ದು ಸಾಲದು ಅಂತ ಇಲ್ಲಿಗೂ ಕರ್ಕೊಂಡು ಬಂದ್ರಾ ಎಂದರು. ಅವಳೂ ನಕ್ಕಳು. ಬೇರೆ ಯಾವ ದಾರಿಯಿತ್ತು?

ಒಂದು ದಿನ ಅತ್ತೆ ಊರುಗೋಲಿನಿಂದ ಮಂಚದ ಕೆಳಗಿನ ಧೂಳನ್ನು ಎಳೆದು ತೋರಿಸಲು ಬಗ್ಗಿ, ಏಳುವಾಗ ಮಂಚದ ಕಬ್ಬಿಣಕ್ಕೆ ತಲೆ ಬಡಿಸಿಕೊಂಡರು. ಸೊಸೆ ಓಡಿ ಬಂದು ಮಂಜುಗಡ್ಡೆ ಇಟ್ಟಳು, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಎಲ್ಲ ಸರಿಯಾಗಿತ್ತು. ನನ್ನ ತಲೆಗೇನೂ ಆಗಿಲ್ಲ, ಮೊದಲು ಆ ಧೂಳು ಗುಡಿಸು ಎಂದರು ಅತ್ತೆ. ಗುಡಿಸಿದ್ದಾಯಿತು, ತಲೆಯ ಊತ ಇಳಿದದ್ದಾಯಿತು, ಎಲ್ಲರೂ ಮರೆತದ್ದೂ ಆಯಿತು.

ಕೆಲವು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅವಳು ಅತ್ತೆಯ ತಲೆ ಬಾಚುತ್ತಿದ್ದಳು. ದಿನವೂ ಬಾಚುವಾಗ ಬರುತ್ತಿದ್ದ, ಕೂದಲು ಬಾಚ್ತಿದೀಯೋ ಕೀಳ್ತಿದೀಯೋ ಎಂಬ ಮಾತಿಗೆ ಕಿವಿಯನ್ನು ಮೊದಲೇ ಗಟ್ಟಿಮಾಡಿಕೊಂಡಿದ್ದಳು. ಆ ಮಾತು ಬರಲಿಲ್ಲ. ಅತ್ತೆ ಕಿಟಕಿಯ ಕಡೆ ನೋಡುತ್ತಲೇ, "ನಿನ್ನ ಕೈ ಎಷ್ಟು ಮೆತ್ತಗಿದೆ ಕಣೆ," ಎಂದರು.

ಬಾಚಣಿಗೆ ಹಿಡಿದ ಕೈ ಹಾಗೇ ನಿಂತಿತು. ತಾನು ಕೇಳಿದ್ದು ಹೌದೋ ಅಲ್ಲವೋ ಎಂದು ಅವಳು ಸ್ವಲ್ಪ ಹೊತ್ತು ಕಾದಳು, ಹಿಂದಿನಿಂದ ಖಾರ ಬರುತ್ತದೆಂದು. ಅದೂ ಬರಲಿಲ್ಲ. ಮಾರನೆಯ ದಿನ ಚಹಾ ಚೆನ್ನಾಗಿದೆ ಎಂದರು. ಅದರ ಮಾರನೆಯ ದಿನ ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನೀನು ಬಂದ ಮೇಲೇ ಕಣೆ ನಮ್ಮನೆ ಅನ್ನೋದು ಮನೆ ಆಗಿದ್ದು," ಎಂದರು.

ದೊಡ್ಡ ಸಿಸ್ಟರ್ ಹೊದಿಕೆಗಳನ್ನಿಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಐವತ್ತು ದಾಟಿದ ಹೆಂಗಸು, ಎಷ್ಟು ಸಾವು ಕಂಡವಳು, ಎಳೆ ಹುಡುಗಿಯ ಹಾಗೆ ಕೈಗೆ ಸಿಕ್ಕಿದ ದಿಂಬಿನ ಚೀಲದಲ್ಲಿ ಮೂಗು ಒರೆಸಿಕೊಂಡು ಅತ್ತಳು. ಗಂಡನಿಗೆ ಫೋನ್ ಮಾಡಿ ಹೇಳಿದರೆ ಅವನು ಲಾರಿಯನ್ನು ರಸ್ತೆ ಬದಿಗೆ ಹಾಕಿ, ಅಮ್ಮನಾ, ನಮ್ಮಮ್ಮನಾ ಎಂದು ಮತ್ತೆ ಮತ್ತೆ ಕೇಳಿದ.

ಆಮೇಲಿನ ದಿನಗಳಲ್ಲಿ ದೊಡ್ಡ ಸಿಸ್ಟರ್ ನೆಲದ ಮೇಲೆ ಇರಲಿಲ್ಲ. ಕೆಲಸದ ಹೊತ್ತಿಗೆ ಮುಂಚೆಯೇ ಬಂದು ಅತ್ತೆಯ ಪಕ್ಕ ಕೂರುತ್ತಿದ್ದಳು. ಗುನುಗುತ್ತ ಔಷಧಿ ಹಂಚುತ್ತಿದ್ದಳು. ಸಿಕ್ಕಿದವರಿಗೆಲ್ಲ ನಮ್ಮತ್ತೆ ಇವತ್ತು ಏನಂದ್ರು ಗೊತ್ತಾ ಎಂದು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಳು. ಇಷ್ಟು ವರ್ಷ ದುಡಿದದ್ದಕ್ಕೆ ಕೊನೆಗೂ ಬೆಲೆ ಸಿಕ್ಕಿತಲ್ಲ ಎಂದು ಆಯಾಗಳು ಅವಳಿಗೋಸ್ಕರ ಖುಷಿಪಟ್ಟರು. ಅತ್ತೆ ಬೆಳಿಗ್ಗೆ ಹೊತ್ತೇರಿದ ಮೇಲೂ ಮಲಗಿರುತ್ತಿದ್ದರು, ಕೂತಲ್ಲೇ ತೂಕಡಿಸುತ್ತಿದ್ದರು. ವಯಸ್ಸಾಯಿತು, ಮಲಗಲಿ ಎಂದಳು ಸೊಸೆ. ತಟ್ಟೆಯಲ್ಲಿ ಬ್ರೆಡ್ ಅರ್ಧ ಉಳಿಯುತ್ತಿತ್ತು. ಹೊಟ್ಟೆ ತುಂಬಿರಬೇಕು ಎಂದಳು.

ಹಾಗಿರುವಾಗ ಅಸೆಸ್‌ಮೆಂಟಿನ ಸರದಿ ಬಂತು. ಅಲ್ಲಿರುವ ಪ್ರತಿಯೊಬ್ಬರನ್ನೂ ಮೂರು ತಿಂಗಳಿಗೊಮ್ಮೆ ಕೂರಿಸಿ, ನಡೆಸಿ, ಮಾತಾಡಿಸಿ, ಊಟ ನಿದ್ರೆ ನೆನಪು ಮನಸ್ಸು ಎಲ್ಲವನ್ನೂ ಹಿಂದಿನ ಸಲದ ಜೊತೆ ಹೋಲಿಸಿ ನೋಡಬೇಕು. ಎರಡು ವಿಷಯದಲ್ಲಿ ಬದಲಾವಣೆ ಕಂಡರೂ ಅದೇ ದಿನ ಡಾಕ್ಟರಿಗೆ ಹೇಳಬೇಕು. ಇದನ್ನು ಹೊಸ ನರ್ಸ್‌ಗಳಿಗೆ ಕಲಿಸಿಕೊಡುವವಳೇ ದೊಡ್ಡ ಸಿಸ್ಟರ್. ಅವಳ ಪಾಠ ಕೇಳಬೇಕಿತ್ತು ನೀವು. ಕೂಗಾಡೋರು ಸುಮ್ಮನಾದ್ರೆ ಸದ್ಯ ಅಂತ ಉಸಿರು ಬಿಡಬೇಡಿ, ಓಡಿ ಹೋಗಿ ನೋಡಿ ಎನ್ನುತ್ತಿದ್ದಳು. ನಮ್ಮ ಕೆಲಸ ಹಗುರ ಆಯ್ತು ಅಂದ್ರೆ ಅವರು ಚೆನ್ನಾಗಿದಾರೆ ಅಂತ ಅರ್ಥ ಅಲ್ಲ ಎನ್ನುತ್ತಿದ್ದಳು. ಹುಡುಗಿಯರು ತಲೆಯಾಡಿಸುತ್ತಿದ್ದರು.

ಸ್ವಂತದವರ ಅಸೆಸ್‌ಮೆಂಟನ್ನು ಸ್ವಂತದವರು ಮಾಡಬಾರದು ಎಂಬ ಕಟ್ಟಳೆಯಿತ್ತು. ಟೈಲರಮ್ಮನದು ಪುಟ್ಟ ಸಿಸ್ಟರ್ ಪಾಲಿಗೆ ಬಂದಿತ್ತು. ಪುಟ್ಟ ಸಿಸ್ಟರ್ ಅಂದರೆ ಅಲ್ಲಿನ ನರ್ಸ್‌ಗಳಲ್ಲೆಲ್ಲ ಕಿರಿಯಳು, ದೊಡ್ಡ ಸಿಸ್ಟರ್ ಹೇಳಿದ್ದನ್ನು ಕಣ್ಣಿಗೊತ್ತಿಕೊಳ್ಳುವವಳು. ನಿನಗೆ ಕೈತುಂಬ ಕೆಲಸ ಇದೆ, ಇದನ್ನ ನಾನೇ ಮುಗಿಸ್ತೀನಿ ಎಂದು ದೊಡ್ಡ ಸಿಸ್ಟರ್ ಹಾಳೆಯನ್ನು ಇಸಿದುಕೊಂಡಳು. ಯಾಕೆ ಇಸಿದುಕೊಂಡಳು? ಅವಳನ್ನು ಕೇಳಿದ್ದರೆ, ಪಾಪ, ಪುಟ್ಟ ಸಿಸ್ಟರಿಗೆ ಕಷ್ಟ ಆಗತ್ತೆ ಅಂತ ಎಂದು ಹೇಳುತ್ತಿದ್ದಳು. ಆ ಮಾತನ್ನು ಆಗ ಅವಳೂ ಅರ್ಧ ನಂಬಿದ್ದಳು.

ಕೋಣೆಯೊಳಗೆ ಹೋದಾಗ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಬಾರೇ ಎಂದು ನಕ್ಕರು. ಅವರು ಹಾಕಿಕೊಂಡ ಸ್ವೆಟರಿನ ಗುಂಡಿಗಳು ಒಂದು ಕಾಜ ತಪ್ಪಿದ್ದವು. ಎಲ್ಲವೂ ಒಂದೊಂದು ಕೆಳಗೆ ಜಾರಿ, ಕುತ್ತಿಗೆಯ ಹತ್ತಿರ ಒಂದು ಕಡೆ ಉಬ್ಬಿ, ಹೊಟ್ಟೆಯ ಹತ್ತಿರ ಒಂದು ಕಡೆ ಜೋತುಬಿದ್ದಿತ್ತು. ಬೇರೆ ಯಾವ ಅಜ್ಜಿಯಾಗಿದ್ದರೂ ಅದೊಂದು ವಿಷಯವೇ ಅಲ್ಲ. ಟೈಲರಮ್ಮ! ಬೀದಿಯಲ್ಲಿ ಹೋಗುವವರ ಗುಂಡಿ ತಪ್ಪಿದ್ದರೆ ನಿಲ್ಲಿಸಿ ಸರಿಮಾಡಿಸಿದ ಹೆಂಗಸು!

ದೊಡ್ಡ ಸಿಸ್ಟರ್ ಹಾಳೆಯನ್ನು ಮಂಚದ ಮೇಲಿಟ್ಟಳು.

ಬಾಗಿಲವರೆಗೆ ನಡೀರಿ ಅತ್ತೆ ಎಂದಳು. ಅತ್ತೆ ನಡೆದರು. ಎಡಗಾಲಿನ ಚಪ್ಪಲಿ ನೆಲ ಬಿಟ್ಟು ಏಳುತ್ತಿರಲಿಲ್ಲ, ಉಜ್ಜಿಕೊಂಡು ಬರುತ್ತಿತ್ತು. ತಲೆ ನೋಯತ್ತಾ ಎಂದರೆ ಸ್ವಲ್ಪ ಭಾರ ಅಷ್ಟೆ ಎಂದರು. ಇವತ್ತು ಯಾವ ವಾರ ಎಂದರೆ, ನಿನಗೆ ಯಾವುದು ಬೇಕೋ ಅದೇ ಎಂದು ಮತ್ತೆ ನಕ್ಕರು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ಅವಳಿಗೆ ಗೊತ್ತಾಗಲಿಲ್ಲ ಎಂದಲ್ಲ. ಗೊತ್ತಾಯಿತು. ಇಷ್ಟು ವರ್ಷದ ಅನುಭವ ಸುಮ್ಮನೆ ಬಂದದ್ದಲ್ಲ, ಆ ಚಪ್ಪಲಿಯ ಸದ್ದು ಕೇಳಿದ ಕೂಡಲೇ ತಲೆಯೊಳಗೆ ಏನೋ ಆಗಿದೆ ಎಂದು ಅವಳ ಒಳಗಿನ ನರ್ಸ್ ಎದ್ದು ಕೂತಳು. ಅದರ ಹಿಂದೆಯೇ ಸೊಸೆಯೂ ಎದ್ದು ಕೂತಳು. ಡಾಕ್ಟರಿಗೆ ಹೇಳಿದರೆ ಏನಾಗುತ್ತದೆ? ಸ್ವಭಾವದಲ್ಲಿ ಬದಲಾವಣೆ ಏನಾದರೂ ಇದೆಯಾ ಎಂದು ಕೇಳುತ್ತಾರೆ. ಹೌದು, ನನ್ನ ಜೊತೆ ಒಳ್ಳೆಯದಾಗಿ ಮಾತಾಡ್ತಿದಾರೆ ಎನ್ನಬೇಕು. ಅಲ್ಲಿಗೆ ಮುಗಿಯಿತು. ಮೆತ್ತನೆಯ ಕೈ, ಚೆನ್ನಾಗಿರುವ ಚಹಾ, ಮನೆ ಆದ ಮನೆ, ಎಲ್ಲವೂ ಜ್ವರ ಕೆಮ್ಮಿನ ಹಾಗೆ ಒಂದು ರೋಗಲಕ್ಷಣ ಆಗಿಬಿಡುತ್ತದೆ.

ಅವಳು ಕುರ್ಚಿಯ ಮುಂದೆ ಕೂತು ಸ್ವೆಟರಿನ ಗುಂಡಿಗಳನ್ನೆಲ್ಲ ಬಿಚ್ಚಿ, ಸರಿಯಾಗಿ ಹಾಕಿದಳು. ಬೇರೆ ಯಾರ ಕಣ್ಣಿಗೂ ಬೀಳಬಾರದೆಂದು ಹಾಕಿದಳು. ಆಮೇಲೆ ಹಾಳೆಯಲ್ಲಿ, ಬದಲಾವಣೆ ಇಲ್ಲ, ಮನಸ್ಸು ಉಲ್ಲಾಸವಾಗಿದೆ ಎಂದು ಬರೆದಳು. ಇನ್ನೊಂದು ವಾರ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡಳು. ಅತ್ತೆ ಅವಳ ಕೆನ್ನೆ ಸವರಿದರು.

ಆ ವಾರ ಅವಳು ಚೆನ್ನಾಗಿ ನಿದ್ದೆ ಮಾಡಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ದಿನವೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಗುಂಡಿಗಳನ್ನು ಸರಿಮಾಡುತ್ತಿದ್ದಳು. ಮಾಡಿ, ಕೂತು, ತನ್ನ ಪಾಲಿನ ಒಳ್ಳೆಯ ಮಾತನ್ನು ಕೇಳಿಕೊಂಡು ಏಳುತ್ತಿದ್ದಳು.

ಒಂದು ಮಧ್ಯಾಹ್ನ ಬಟ್ಟೆ ಒಗೆಯುವವಳು ಒಣಗಿದ ಬಟ್ಟೆಗಳನ್ನು ಕೊಡಲು ಟೈಲರಮ್ಮನ ಕೋಣೆಗೆ ಹೋಗಿದ್ದಳು. ಇವಳನ್ನು ಕಂಡರೆ ಟೈಲರಮ್ಮನಿಗೆ ಆಗುತ್ತಿರಲಿಲ್ಲ. ಒಗೆದ ಬಟ್ಟೆಯನ್ನು ಉಂಡೆಕಟ್ಟಿ ತರುತ್ತಾಳೆಂದು ಅವಳ ಮುಖದ ಮೇಲೇ ಎಸೆದದ್ದೂ ಉಂಟು. ದೊಡ್ಡ ಸಿಸ್ಟರ್ ಔಷಧಿಯ ಗಾಡಿ ತಳ್ಳಿಕೊಂಡು ಬಾಗಿಲ ಹತ್ತಿರ ಬಂದಾಗ, ಅತ್ತೆ ಆ ಹೆಂಗಸಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ನೀನು ಬಂದ ಮೇಲೇ ಕಣೆ ನಮ್ಮನೆ ಅನ್ನೋದು ಮನೆ ಆಗಿದ್ದು," ಎನ್ನುತ್ತಿದ್ದರು.

ಅದೇ ಮಾತು. ಅದೇ ದನಿ, ಅದೇ ನಗು. ಬಟ್ಟೆ ಒಗೆಯುವವಳು ನಾಚಿಕೊಂಡು ಈ ಕಡೆ ತಿರುಗಿ, ದಿನಾ ಹೀಗೇ ಅಂತಾರೆ ಸಿಸ್ಟರ್, ನಿನ್ನೆ ಅಡುಗೆಯವನಿಗೂ ಅಂದ್ರು, ಅವನು ಹೆದರಿ ಓಡಿಹೋದ ಎಂದು ನಕ್ಕಳು.

ಆ ಕ್ಷಣದಲ್ಲಿ ದೊಡ್ಡ ಸಿಸ್ಟರಿಗೆ ಆದದ್ದು ಗಾಬರಿಯಲ್ಲ. ಅಯ್ಯೋ, ಮುದುಕಿಗೆ ಏನಾಗಿದೆಯೋ ಎಂಬ ಕನಿಕರವೂ ಅಲ್ಲ. ಹೊಟ್ಟೆಯುರಿ. ನಾಚಿಕೆಯಾಗಬೇಕು ಹೇಳುವುದಕ್ಕೆ, ಆದರೆ ಅದೇ ನಿಜ. ತನ್ನದೆಂದು ಎದೆಗವಚಿಕೊಂಡಿದ್ದನ್ನು ಕಂಡಕಂಡವರಿಗೆಲ್ಲ ಹಂಚುತ್ತಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. ಗಾಡಿಯನ್ನು ಅಲ್ಲೇ ಬಿಟ್ಟು ದಡದಡನೆ ಆಫೀಸಿಗೆ ನಡೆದು ಡಾಕ್ಟರಿಗೆ ಫೋನ್ ಮಾಡಿದಳು. ನಮ್ಮತ್ತೆ ಸರಿಯಾಗಿಲ್ಲ, ಸಿಕ್ಕಿದವರಿಗೆಲ್ಲ ಒಳ್ಳೆಯ ಮಾತಾಡ್ತಿದಾರೆ, ಬಂದು ನೋಡಿ ಎಂದಳು. ದನಿ ಚಾಡಿ ಹೇಳುವವರ ದನಿಯಾಗಿತ್ತು.

ಡಾಕ್ಟರು ಬಂದರು. ಎರಡೂ ಕೈ ಮುಂದೆ ಚಾಚಿ, ಕಣ್ಣು ಮುಚ್ಚಿಕೊಳ್ಳಿ ಎಂದರು. ಟೈಲರಮ್ಮನ ಎಡಗೈ ಮೆಲ್ಲಗೆ ಕೆಳಗಿಳಿಯಿತು, ಅವರಿಗೆ ಅದು ತಿಳಿಯಲೇ ಇಲ್ಲ. ಡಾಕ್ಟರ ಕಾಲರ್ ಆವತ್ತು ಒಂದು ಕಡೆ ಎತ್ತಿಕೊಂಡೇ ಇತ್ತು, ಅದೂ ಟೈಲರಮ್ಮನಿಗೆ ಕಾಣಲಿಲ್ಲ. ಆಂಬ್ಯುಲೆನ್ಸ್ ಬಂತು. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ತಲೆಬುರುಡೆಯ ಒಳಗೆ ಮೆದುಳಿನ ಮೇಲೆ ರಕ್ತ ಸ್ವಲ್ಪ ಸ್ವಲ್ಪವೇ ಒಸರಿ ತುಂಬಿಕೊಂಡಿದೆ, ಎಂದೋ ತಲೆಗೆ ಪೆಟ್ಟು ಬಿದ್ದಿರಬೇಕು ಎಂದರು. ಅವತ್ತೇ ಬುರುಡೆಗೆ ರಂಧ್ರ ಕೊರೆದು ರಕ್ತ ತೆಗೆದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದು ಆಪರೇಷನ್ ಮಾಡಿದವರು ಹೇಳಿದಾಗ ದೊಡ್ಡ ಸಿಸ್ಟರ್ ಗೋಡೆಗೆ ಒರಗಿ ನಿಂತುಕೊಂಡಳು. ಆ ವಾರ ಪೂರ್ತಿ ಅವಳ ಕಣ್ಣೆದುರು ಬಂತು, ಒಂದೊಂದು ಬೆಳಿಗ್ಗೆಯೂ ಬಂತು.

ನಿಜವಾದ ಶಿಕ್ಷೆ ಶುರುವಾದದ್ದು ಆಮೇಲೆ. ಯಾರೂ ಬೈಯಲಿಲ್ಲ. ಹೊಗಳಿದರು.

ಡಾಕ್ಟರು ವರಾಂಡದಲ್ಲಿ ನಾಲ್ಕು ಜನರ ಮುಂದೆ ನಿಲ್ಲಿಸಿ, ಜಗಳಗಂಟಿ ಅತ್ತೆ ಒಳ್ಳೆಯವರಾದರೆ ಯಾವ ಸೊಸೆಯಾದರೂ ದೇವರಿಗೆ ಕೈಮುಗಿದು ಸುಮ್ಮನಿರುತ್ತಾಳೆ, ಅದನ್ನೂ ರೋಗವೆಂದು ಹಿಡಿಯಲು ಎಂಥ ಕಣ್ಣು ಬೇಕು ಎಂದರು. ಎಲ್ಲರೂ ಮೆಚ್ಚುಗೆಯಿಂದ ನೋಡಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ಗಂಡ ಲಾರಿಯನ್ನು ಎಲ್ಲೋ ನಿಲ್ಲಿಸಿ ಓಡಿ ಬಂದು, ಅವಳ ಎರಡೂ ಕೈ ಹಿಡಿದು, ಅಷ್ಟು ಜನರ ಮುಂದೆ ಅತ್ತ. ನಮ್ಮಮ್ಮನ್ನ ಉಳಿಸಿದೆ ಕಣೆ ಎಂದ. ಅವಳು ಹೇಗೋ ಧೈರ್ಯ ಮಾಡಿ, ನಾನು ಮೊದಲೇ ನೋಡಿದ್ದೆ ರೀ ಎಂದಳು. ಎಲ್ಲವನ್ನೂ ಹೇಳಿಬಿಡಬೇಕೆಂದೇ ಬಾಯಿ ತೆರೆದಿದ್ದಳು. ಅವನು ಕಣ್ಣೊರೆಸಿಕೊಂಡು, ಅದೇ ನಾನು ಹೇಳೋದು, ಬೇರೆಯವರಿಗೆ ಕಾಣೋ ಮೊದಲೇ ನಿನಗೆ ಕಾಣತ್ತೆ ಎಂದುಬಿಟ್ಟ. ಇಂಥ ಗಂಡನ ಮುಂದೆ ಪಾಪ ಒಪ್ಪಿಕೊಳ್ಳುವುದಾದರೂ ಹೇಗೆ?

ಆರೈಕೆ ಮನೆಯ ಮೇಲ್ವಿಚಾರಕರು ಸಭೆ ಕರೆದು, ಬದಲಾವಣೆಯನ್ನು ಗುರುತಿಸುವುದು ಹೇಗೆಂದು ದೊಡ್ಡ ಸಿಸ್ಟರ್ ಎಲ್ಲರಿಗೂ ಹೇಳಿಕೊಡಲಿ ಎಂದರು. ಅವಳು ಎದ್ದು ನಿಂತು, ಇಂಗು ತಿಂದ ಮಂಗನಂತೆ ಅತ್ತ ಇತ್ತ ನೋಡಿ, ಕಂಡಿದ್ದನ್ನ ಕಂಡ ಹಾಗೆ ಬರೀರಿ ಎಂದಷ್ಟೇ ಹೇಳಿ ಕೂತಳು. ಎಷ್ಟು ವಿನಯ ನೋಡಿ ಎಂದರು ಮೇಲ್ವಿಚಾರಕರು. ಪುಟ್ಟ ಸಿಸ್ಟರ್ ಜೋರಾಗಿ ಚಪ್ಪಾಳೆ ತಟ್ಟಿದಳು. ಬರೆದ ಹಾಳೆಯನ್ನು ತೆಗೆದು ನೋಡುವ ಯೋಚನೆ ಯಾರಿಗೂ ಬರಲಿಲ್ಲ. ಅವಳು ಬರೆದದ್ದನ್ನು ಪರೀಕ್ಷಿಸುವ ರೂಢಿಯೇ ಅಲ್ಲಿರಲಿಲ್ಲ.

ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆಪರೇಷನ್ ಆದ ಮೇಲೆ ಅತ್ತೆಗೆ ಸರಿಯಾಗಿ ಎಚ್ಚರವಾದಾಗ, ಮಗ, ಸೊಸೆ, ಅಲ್ಲಿನ ನರ್ಸ್ ಎಲ್ಲರೂ ಮಂಚದ ಸುತ್ತ ಇದ್ದರು. ಅತ್ತೆ ಕೈಯೆತ್ತಿ ತಲೆಗೆ ಸುತ್ತಿದ ಬ್ಯಾಂಡೇಜನ್ನು ಮುಟ್ಟಿ ನೋಡಿ, ಇದನ್ನ ಸುತ್ತಿದ ಮಹಾನುಭಾವ ಯಾರು, ಒಂದು ಕಡೆ ಜಾರ್ತಾ ಇದೆ ಎಂದರು. ಆಮೇಲೆ ಸೊಸೆಯ ಕಡೆ ನೋಡಿ, ನೀನ್ಯಾಕೆ ಹೀಗೆ ಕೆದರಿದ ತಲೆಯಲ್ಲಿ ಬಂದಿದೀಯ ಎಂದರು. ಮಗ ಗಹಗಹಿಸಿ ನಕ್ಕ, ಅಮ್ಮ ವಾಪಸ್ ಬಂದ್ಲು ಎಂದ. ಸೊಸೆಯೂ ನಕ್ಕಳು. ನಕ್ಕು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ಅಲ್ಲಿ ಅವಳಿಗೆ ಅನ್ನಿಸಿದ್ದನ್ನು ಅವಳು ಎಂದೂ ಯಾರಿಗೂ ಹೇಳಲಾರಳು. ಅವಳಿಗೆ ನಿರಾಸೆಯಾಗಿತ್ತು. ಉಳಿದು ಬಂದ ಹೆಂಗಸಿನ ಎದುರು ನಿಂತು, ಸಾಯುತ್ತಿದ್ದ ಹೆಂಗಸಿಗಾಗಿ ಅವಳ ಜೀವ ಹಂಬಲಿಸಿತ್ತು.

ಟೈಲರಮ್ಮ ಆರೈಕೆ ಮನೆಗೆ ಮರಳಿದರು. ಬಂದ ದಿನವೇ ಅಡುಗೆಯವನಿಗೆ ನಾಲಿಗೆಯಿಲ್ಲ ಎಂದದ್ದರಿಂದ ಅವನಿಗೂ ಸಮಾಧಾನವಾಯಿತು. ಆಸ್ಪತ್ರೆಯಿಂದ ಬಂದವರಿಗೆಲ್ಲ ಹೊಸದಾಗಿ ಅಸೆಸ್‌ಮೆಂಟ್ ಮಾಡಲೇಬೇಕು. ಈ ಸಲ ದೊಡ್ಡ ಸಿಸ್ಟರ್ ಹಾಳೆ ಮುಟ್ಟಲಿಲ್ಲ. ಪುಟ್ಟ ಸಿಸ್ಟರಿಗೇ ಮಾಡಲು ಹೇಳಿ, ತಾನು ಹೋಗಿ ಗೋಡೆಯ ಪಕ್ಕದ, ಮನೆಯವರು ಬಂದರೆ ಕೂರುವ ಕುರ್ಚಿಯಲ್ಲಿ ಕೂತಳು. ಯೂನಿಫಾರ್ಮಿನಲ್ಲಿ ಆ ಕುರ್ಚಿಯ ಮೇಲೆ ಅವಳು ಹಿಂದೆಂದೂ ಕೂತಿರಲಿಲ್ಲ.

ಪುಟ್ಟ ಸಿಸ್ಟರ್ ಚೆನ್ನಾಗಿಯೇ ಮಾಡಿದಳು. ನಡೆಸಿದಳು, ಕೈ ಹಿಸುಕಿಸಿಕೊಂಡಳು, ಮಾತಾಡಿಸಿದಳು. ನಡುವೆ ಅವಳ ಜೇಬಿನ ಹೊಲಿಗೆ ಬಿಟ್ಟಿದೆಯೆಂದು ಬೈಸಿಕೊಂಡಳು. ಕೊನೆಯಲ್ಲಿ ಮನೆಯವರನ್ನು ಕೇಳುವ ಪ್ರಶ್ನೆಗೆ ಬಂದಳು. ಆಸ್ಪತ್ರೆಗೆ ಹೋಗುವ ಮೊದಲು ಮನೆಯವರು ಏನಾದರೂ ಬದಲಾವಣೆ ಗಮನಿಸಿದ್ದರೇ, ಯಾವಾಗ, ಏನು ಮಾಡಿದರು ಎಂಬುದು ಆ ಪ್ರಶ್ನೆ. ಕೇಳುವುದೇನಿದೆ, ಎಲ್ಲರಿಗೂ ಗೊತ್ತಿರೋದೇ ಎಂದು ನಗುತ್ತ, ಗಮನಿಸಿದ ಕೂಡಲೇ ಡಾಕ್ಟರಿಗೆ ತಿಳಿಸಿದರು ಎಂದು ಬರೆಯತೊಡಗಿದಳು.

"ಹಾಗೆ ಬರೀಬೇಡ," ಎಂದಳು ದೊಡ್ಡ ಸಿಸ್ಟರ್.

ಹುಡುಗಿ ತಲೆಯೆತ್ತಿದಳು. ದೊಡ್ಡ ಸಿಸ್ಟರಿನ ಮುಖ ಕೆಂಪಾಗಿತ್ತು, ಕೈಗಳು ತೊಡೆಯ ಮೇಲೆ ಒಂದನ್ನೊಂದು ಹಿಸುಕುತ್ತಿದ್ದವು. ಈಗ ಹೇಳಿದರೆ ಕೆಲಸ ಹೋಗಬಹುದು, ಗಂಡನ ಕಣ್ಣಲ್ಲಿ ತಾನು ಎಲ್ಲಿಗೆ ಇಳಿಯುತ್ತೇನೆ ಎಂಬುದೂ ಅವಳಿಗೆ ಗೊತ್ತಿತ್ತು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

"ಹಿಂದಿನ ಅಸೆಸ್‌ಮೆಂಟಲ್ಲೇ ನಾನು ನೋಡಿದ್ದೆ. ಕಾಲು ಎಳೀತಿದ್ರು. ಗುಂಡಿ ತಪ್ಪು ಹಾಕ್ಕೊಂಡಿದ್ರು. ನಾನೇ ಸರಿಮಾಡಿ, ಬದಲಾವಣೆ ಇಲ್ಲ ಅಂತ ಬರೆದೆ," ಎಂದಳು. ಪುಟ್ಟ ಸಿಸ್ಟರಿಗೆ ಅರ್ಥವಾಗಲಿಲ್ಲ. ಯಾಕೆ ಸಿಸ್ಟರ್ ಎಂದು ಕೇಳಿದಳು. ಪಾಪ, ನಿಜವಾಗಿಯೂ ತಿಳಿಯದೆ ಕೇಳಿದಳು.

"ನನ್ನ ಜೊತೆ ಚೆನ್ನಾಗಿ ಮಾತಾಡ್ತಿದ್ರು. ಅದು ನಿಂತುಹೋಗತ್ತೆ ಅಂತ ಸುಮ್ಮನಿದ್ದೆ."

ಹೊರಗೆ ಯಾರೋ ಊಟದ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಬೋಳಿಸಿದ ತಲೆಯ ಮೇಲೆ ಬಿಳಿಕೂದಲು ಈಗಷ್ಟೇ ಮೊಳೆಯುತ್ತಿತ್ತು. ಆ ದಿನಗಳದ್ದು ಅವರಿಗೆ ಏನೊಂದೂ ನೆನಪಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ.

"ಏನಂದಿದ್ದೆ ನಾನು?" ಎಂದು ಕೇಳಿದರು.

ಸೊಸೆ ನೆಲ ನೋಡುತ್ತ ಹೇಳಿದಳು. ಕೈ ಮೆತ್ತಗಿದೆ ಎಂದದ್ದು, ಚಹಾ ಚೆನ್ನಾಗಿದೆ ಎಂದದ್ದು, ಆಮೇಲೆ ಮನೆಯ ಮಾತು. ಬಟ್ಟೆ ಒಗೆಯೋಳಿಗೂ ಅದನ್ನೇ ಅಂದ್ರಿ ಎಂದು ಸೇರಿಸಿದಳು. ಅದನ್ನು ಬಿಟ್ಟು ಹೇಳಿದ್ದರೆ ಅದೂ ಇನ್ನೊಂದು ಮೋಸವಾಗುತ್ತಿತ್ತು. ಹೇಳಿ ಮುಗಿಸಿ, ನನ್ನ ತಲೆ ಕೆಟ್ಟಿತ್ತು, ಇಲ್ಲದಿದ್ರೆ ಹಾಗಂತಿದ್ನಾ ಎಂಬ ಮಾತಿಗೆ ಕಾದಳು. ಜೀವ ಹೋಗುವ ಹಾಗೆ ಮಾಡಿದವಳೇ ಎಂಬ ಬೈಗುಳಕ್ಕೂ ಕಾದಳು. ಎರಡಕ್ಕೂ ಅವಳು ತಯಾರಿದ್ದಳು.

ಅತ್ತೆ ಬೈಯಲಿಲ್ಲ. ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಎಲ್ಲದರಲ್ಲೂ ಸೊಟ್ಟ ಹುಡುಕುವ ಆ ಕಣ್ಣಿಗೆ ಆವತ್ತು ಕೂರಲು ಜಾಗವೇ ಸಿಗಲಿಲ್ಲ.

"ಇಷ್ಟು ಹೇಳೋದಕ್ಕೆ ನನ್ನ ತಲೇಲಿ ರಕ್ತ ತುಂಬ್ಕೋಬೇಕಾಯ್ತಾ?" ಎಂದರು.

ಆ ಮಾತನ್ನು ಅವರು ಸೊಸೆಯನ್ನು ಕೇಳಿದ್ದಲ್ಲ. ಸೊಸೆಯೂ ತಲೆಯೆತ್ತಲಿಲ್ಲ. ಪುಟ್ಟ ಸಿಸ್ಟರ್ ಇಲ್ಲಿ ತಾನಿರಬಾರದು ಎಂದುಕೊಂಡು ಪೆನ್ನು ಮುಚ್ಚಿ ಎದ್ದಳು.

"ಕೂತ್ಕೋ," ಎಂದರು ಅತ್ತೆ. "ಅವಳು ಹೇಳಿದ್ದನ್ನೆಲ್ಲ ಬರಿ. ತಪ್ಪು ಅವಳದ್ದೇ, ಅದನ್ನ ಮುಚ್ಚಿಡಬೇಡ." ಮಂಚದ ಹೊದಿಕೆಯ ಅಂಚನ್ನು ಬೆರಳಿನಿಂದ ನೆಟ್ಟಗೆ ಮಾಡಿದರು. "ಯಾಕೆ ಹಾಗೆ ಮಾಡಿದ್ಲು ಅಂತ ಯಾರಾದ್ರೂ ಕೇಳಿದ್ರೆ, ನನ್ನ ಹತ್ರ ಕಳಿಸು. ಅದಕ್ಕೆ ಉತ್ತರ ನಾನು ಕೊಡಬೇಕು."

ಪುಟ್ಟ ಸಿಸ್ಟರ್ ಕೂತು ಬರೆಯತೊಡಗಿದಳು.